ಈಸೂರಿನ ಸ್ಮಾರಕದ ಮುಂದೆ ಒಬ್ಬ ಜೈಲು ವಾರ್ಡರ್

ಶಿವಮೊಗ್ಗದಿಂದ ಸವಳಂಗದ ಮೇಲೆ ಶಿಕಾರಿಪುರಕ್ಕೆ ಹೋಗುವಾಗ ಮಲೆನಾಡು ಎಲ್ಲಿ ಮುಗಿಯಿತೆಂದು ಹೇಳುವುದು ಕಷ್ಟ. ಅಡಿಕೆ ತೋಟಗಳು ವಿರಳವಾಗಿ ಮೆಕ್ಕೆಜೋಳದ ಹೊಲಗಳು ಹೆಚ್ಚಾದಾಗಲೇ ಗೊತ್ತಾಗುವುದು. ಜೊತೆಗಿದ್ದವರು ನನ್ನ ಹೆಂಡತಿಯ ದೊಡ್ಡಪ್ಪ. ಜೈಲಿನಲ್ಲಿ ವಾರ್ಡರ್ ಆಗಿದ್ದು ನಿವೃತ್ತರಾದವರು. ಹುಚ್ಚರಾಯಸ್ವಾಮಿಗೆ ಅವರದೊಂದು ಹರಕೆ ಬಾಕಿಯಿತ್ತು. ದರ್ಶನ, ಮಂಗಳಾರತಿ, ದೋಸೆ ಎಲ್ಲ ಬೇಗ ಮುಗಿದವು. ಬಂದದ್ದು ಬಂದಿದ್ದೇವೆ, ಈಸೂರನ್ನೂ ನೋಡಿಬಿಡೋಣ ಎಂದೆ.

‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬುದನ್ನು ಶಾಲೆಯಲ್ಲಿ ಕೂಗದವರು ನಮ್ಮ ಜಿಲ್ಲೆಯಲ್ಲಿ ಕಡಿಮೆ. 1942ರಲ್ಲಿ ಈ ಊರು ತಾನು ಸ್ವತಂತ್ರವೆಂದು ಸಾರಿ, ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಮಾಡಿ ಕೂರಿಸಿತ್ತು. ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್‌ಇನ್‌ಸ್ಪೆಕ್ಟರ್ ಕೆಂಚೇಗೌಡ ಬಂದರು. ಗಲಾಟೆಯಲ್ಲಿ ಇಬ್ಬರೂ ಸತ್ತರು. ಆಮೇಲೆ ಪೊಲೀಸರು, ಮೊಕದ್ದಮೆ, ಗಲ್ಲು.

ಸ್ಮಾರಕದ ಮುಂದೆ ದೊಡ್ಡಪ್ಪ ಕನ್ನಡಕ ಮೇಲೇರಿಸಿ ಹುತಾತ್ಮರ ಹೆಸರು ಓದಿದರು: ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಯಾವ ಜೈಲು ಎಂದು ಕೇಳಿದರು. ಬೆಂಗಳೂರು ಸೆಂಟ್ರಲ್ ಜೈಲು, ಈಗಿನ ಫ್ರೀಡಂ ಪಾರ್ಕ್ ಎಂದೆ. ಯಾವತ್ತು? 1943ರ ಮಾರ್ಚ್ 8, 9, 10.

“ಮೂರು ದಿನ ಸಾಲಾಗಿ?” ಎಂದರು. “ಡ್ಯೂಟಿ ಬದಲಾಯಿಸಿದ್ರೋ, ಅದೇ ಹುಡುಗರನ್ನೇ ಹಾಕಿದ್ರೋ?”

ನನಗೆ ಯಾವತ್ತೂ ಹೊಳೆಯದ ಪ್ರಶ್ನೆ. ಹುತಾತ್ಮರ ಹೆಸರು ಕಲ್ಲಿನಲ್ಲಿದೆ, ಸತ್ತ ಅಧಿಕಾರಿಗಳ ಹೆಸರು ಚರಿತ್ರೆಯಲ್ಲಿದೆ. 8ರ ಕೆಲಸ ಮುಗಿಸಿ, 9ಕ್ಕೂ ಹಾಜರಾಗಬೇಕು ಎಂದು ಮನೆಗೆ ಹೋದ ವಾರ್ಡರ್ ಎಲ್ಲೂ ಇಲ್ಲ. ಅವನೂ ಬಹುಶಃ ಕನ್ನಡದವನೇ, ಯಾವುದೋ ಹಳ್ಳಿಯವನೇ.

ಊರು ಸುತ್ತುವ ಉಮೇದು ಅಲ್ಲಿಗೇ ಇಳಿಯಿತು. ವೀರಭದ್ರ ದೇವರ ಗುಡಿಗೆ ಕೈಮುಗಿದು ಹೊರಟೆವು. ಕಾರಿನಲ್ಲಿ ದೊಡ್ಡಪ್ಪ ತಾವಾಗಿಯೇ ಬಾಯಿಬಿಟ್ಟರು.

ಸಣ್ಣ ವಯಸ್ಸಿನಲ್ಲಿ ಕೆಲಕಾಲ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದರಂತೆ. 1983ರ ನಂತರ ಅಲ್ಲಿ ಯಾರನ್ನೂ ನೇಣಿಗೇರಿಸಿಲ್ಲ, ಇವರೂ ನೋಡಿಲ್ಲ. ನೋಡಿದ್ದು ಗಲ್ಲು ಶಿಕ್ಷೆಯವರ ಕೋಣೆಯ ಕಾವಲು ಮಾತ್ರ. ಕೈದಿ ತಾನಾಗಿ ಸಾಯದ ಹಾಗೆ ಹಗಲೂ ರಾತ್ರಿ ಕಾಯಬೇಕು. ಹುಷಾರು ತಪ್ಪಿದರೆ ಡಾಕ್ಟರನ್ನು ಕರೆಯಬೇಕು. “ಸಾಯೋಕೆ ಅಂತ ಬದುಕಿಸಿ ಇಡೋ ಕೆಲಸ. ಒಬ್ಬ ದಿನಾ ನಮ್ಮ ಮಗನ ಮಾರ್ಕ್ಸ್ ಕೇಳೋನು. ಗಣಿತದಲ್ಲಿ ಕಮ್ಮಿ ಬಂತು ಅಂದ್ರೆ ನನಗಿಂತ ಅವನಿಗೇ ಬೇಜಾರು.” ಅವನು ಯಾರನ್ನು ಕೊಂದು ಬಂದಿದ್ದ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಗಲ್ಲೆಂದರೆ ಸನ್ನೆಗೋಲು ಎಳೆಯುವವನೊಬ್ಬನ ಕೆಲಸವಲ್ಲ. ಕೈದಿಯ ತೂಕ ನೋಡುವವರು, ಮರಳಿನ ಮೂಟೆ ಕಟ್ಟಿ ಹಗ್ಗ ಪರೀಕ್ಷಿಸುವವರು, ತೋಳು ಹಿಡಿದು ಕರೆತರುವವರು, ಸಂಜ್ಞೆ ಕೊಡುವ ಸೂಪರಿಂಟೆಂಡೆಂಟ್, ಅರ್ಧ ಗಂಟೆ ನೇತಾಡಿದ ಮೇಲೆ ಸಾವನ್ನು ಖಚಿತಪಡಿಸುವ ವೈದ್ಯರು. ಅಮೆರಿಕದ ವರ್ಜೀನಿಯಾದಲ್ಲಿ 62 ಮಂದಿಗೆ ಮರಣದಂಡನೆ ಜಾರಿ ಮಾಡಿದ್ದ ಜೆರ್ರಿ ಗಿವನ್ಸ್ ಕೆಲಸ ಬಿಟ್ಟ ಮೇಲೆ ಅದರ ವಿರುದ್ಧವೇ ಊರೂರು ಮಾತಾಡಿದರು. ಜಾರ್ಜಿಯಾದ ಜೈಲುಗಳ ಮುಖ್ಯಸ್ಥರಾಗಿದ್ದ ಅಲೆನ್ ಆಲ್ಟ್ ತಮಗೆ ಬೀಳುವ ಕೆಟ್ಟ ಕನಸುಗಳನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ನಮ್ಮ ಕಡೆ ಯಾವ ವಾರ್ಡರ್ ಹಾಗೆ ಕೂತು ಹೇಳುತ್ತಾನೆ? ಕೇಳುವವರಾದರೂ ಯಾರು?

ಟೋಕಿಯೊದ ಜೈಲಿನಲ್ಲಿ ಮೂವರು ಸಿಬ್ಬಂದಿ ಒಟ್ಟಿಗೆ ಮೂರು ಗುಂಡಿ ಒತ್ತುತ್ತಾರೆ, ಯಾರದು ಹಲಗೆ ಬೀಳಿಸಿತೆಂದು ಅವರಿಗೇ ಗೊತ್ತಾಗುವುದಿಲ್ಲ ಎಂದೆ. ದೊಡ್ಡಪ್ಪ ನಕ್ಕರು. “ಗೊತ್ತಾಗ್ದಿದ್ರೆ ಮೂರೂ ಜನ ಹೊತ್ಕೋತಾರಲ್ಲ ಮಾರಾಯ.”

ಅಂಜನಾಪುರ ಕೆರೆ ನೋಡಬೇಕೆಂದಿದ್ದೆವು. ಮಳೆ ಹಿಡಿಯಿತು, ಬಿಟ್ಟೆವು. ಸವಳಂಗದಲ್ಲಿ ಚಹಾ ಕುಡಿಯುವಾಗ ಮಾತು ಪಾಲಾರ್ ಸ್ಫೋಟದ ಕಡೆ ಹೊರಳಿತು. ಆ ಸ್ಫೋಟಕ್ಕಾಗಿ ಗಲ್ಲು ಶಿಕ್ಷೆಯಾಗಿದ್ದ, ಕಾಡುಗಳ್ಳ ವೀರಪ್ಪನ್‌ನ ನಾಲ್ವರು ಸಹಚರರ ಕ್ಷಮಾದಾನ ಅರ್ಜಿ ತಿರಸ್ಕೃತವಾದದ್ದು 2013ರ ಫೆಬ್ರುವರಿಯಲ್ಲಿ. ನಾಲ್ವರೂ ಹಿಂಡಲಗಾದಲ್ಲಿದ್ದರು. ಸುಪ್ರೀಂ ಕೋರ್ಟ್ ತಡೆ ಕೊಟ್ಟು, 2014ರ ಜನವರಿ 21ರಂದು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು.

“ಅವರ ಮೇಲೆ ಕರುಣೆ ಬಂತು ಅಂತ ತಿಳ್ಕೋಬೇಡ” ಎಂದರು. “22 ಜನ ಸತ್ತಿದ್ರು, ಅದರಲ್ಲಿ ನಮ್ಮಂಗೆ ಖಾಕಿ ಹಾಕ್ದೋರೂ ಇದ್ರು. ಆದ್ರೆ ಪೇಪರ್ ನೋಡಿದಾಗ ನನಗೆ ನೆನಪಾಗಿದ್ದು ಆ ಬ್ಲಾಕಿನ ಹುಡುಗರು. ಅವರ ಹೆಸರು ಆ ಡ್ಯೂಟಿ ಲಿಸ್ಟಿಗೆ ಬರಲಿಲ್ಲವಲ್ಲ, ಅಷ್ಟು ಸಾಕಾಯ್ತು.”