ಟವರ್ ಹಿಲ್‌ನ ಒಂದು ಚಿತ್ರ

ನಿದ್ದೆ ಬಾರದ ನಿನ್ನೆಯ ರಾತ್ರಿಯಲ್ಲಿ ಯೂಜೀನ್ ವಾನ್ ಗೆರಾರ್ಡ್ ಎಂಬ ಕಲಾವಿದನ ಭೂದೃಶ್ಯಗಳನ್ನು ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಾ ಕುಳಿತಿದ್ದೆ. 1811ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಜರ್ಮನಿಯ ಡ್ಯುಸೆಲ್ಡಾರ್ಫ್ ಅಕಾಡೆಮಿಯಲ್ಲಿ ಕಲಿತ ಈತ 1852ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದದ್ದು ಚಿತ್ರ ಬರೆಯಲಿಕ್ಕಲ್ಲ, ಬಲ್ಲಾರಟ್‌ನಲ್ಲಿ ಚಿನ್ನ ಅಗೆಯಲಿಕ್ಕೆ. ಚಿನ್ನ ಕೈಹತ್ತಲಿಲ್ಲ, ಕುಂಚವೇ ಅನ್ನ ಕೊಟ್ಟಿತು.

ಎಲೆ ಎಲೆಯನ್ನೂ ಬಂಡೆಯ ಬಿರುಕನ್ನೂ ಬಿಡದೆ ಬರೆಯುವ ಅವನ ಯುರೋಪಿಯನ್ ಶಿಸ್ತು ಕೆಲವು ವಿಮರ್ಶಕರಿಗೆ ಬೇಸರ ತರಿಸಿತ್ತು. ಕಣ್ಣಿಗೆ ಬಿಡುವೇ ಕೊಡದ ಆ ಅಚ್ಚುಕಟ್ಟು ನನಗೂ ಒಮ್ಮೊಮ್ಮೆ ಅತಿಯೆನಿಸುತ್ತದೆ. 1870ರಲ್ಲಿ ಮೆಲ್ಬರ್ನ್‌ನ ನ್ಯಾಷನಲ್ ಗ್ಯಾಲರಿಯ ಚಿತ್ರಕಲಾ ಶಾಲೆಗೆ ಮೊದಲ ಮುಖ್ಯಸ್ಥನಾದ ಮೇಲೂ ಅವನು ವಿದ್ಯಾರ್ಥಿಗಳಿಂದ ಹಳೆಯ ಚಿತ್ರಗಳ ನಕಲನ್ನೇ ಮಾಡಿಸುತ್ತಿದ್ದನಂತೆ. ಅಲ್ಲಿಯೇ ಕಲಿತ ಟಾಮ್ ರಾಬರ್ಟ್ಸ್ ಮತ್ತು ಫ್ರೆಡರಿಕ್ ಮೆಕ್‌ಕಬಿನ್ ಮುಂದೆ ಬಯಲಿಗೆ ಹೋಗಿ, ಬಿಸಿಲನ್ನೇ ಬರೆಯುವ ಬೇರೆ ದಾರಿ ಹಿಡಿದರು.

ಆದರೆ ನನ್ನನ್ನು ಎಚ್ಚರವಿರಿಸಿದ್ದು 1855ರ 'ಟವರ್ ಹಿಲ್' ಚಿತ್ರ. ವಿಕ್ಟೋರಿಯಾದ ಆ ಜ್ವಾಲಾಮುಖಿ ಕುಳಿಯ ಕಾಡು ಮುಂದೆ ಹುಲ್ಲುಗಾವಲಿಗಾಗಿ ಬೋಳಾಗಿ ಹೋಯಿತು. 1960ರ ದಶಕದಲ್ಲಿ ಮತ್ತೆ ಗಿಡ ನೆಡಲು ಹೊರಟವರು ಅಲ್ಲಿ ಹಿಂದೆ ಯಾವ ಯಾವ ಸಸ್ಯಗಳಿದ್ದವು ಎಂಬುದನ್ನು ತಿಳಿಯಲು ಈ ಚಿತ್ರವನ್ನೇ ಮುಂದಿಟ್ಟುಕೊಂಡರು. ವಿಮರ್ಶಕರು ಮೂಗು ಮುರಿದಿದ್ದ ಅದೇ ಎಲೆಗಳನ್ನು ನಾನು ಬೆಳಗಿನ ಜಾವದವರೆಗೂ ಒಂದೊಂದಾಗಿ ನೋಡುತ್ತಿದ್ದೆ.