ಮುಂದಿನ ಸಲ ನೋಡೋಣ

ಏಪ್ರಿಲ್ 16, 2025, ಬುಧವಾರ
ಬೆಂಗಳೂರು

ಭಾನುವಾರದ ಅಪಾರ್ಟ್‌ಮೆಂಟ್ ಮೀಟಿಂಗ್ ಇನ್ನೂ ತಲೆಯಿಂದ ಹೋಗಿಲ್ಲ. ಮೂರನೇ ಮಹಡಿಯಲ್ಲಿ ಬಾಡಿಗೆಗಿರುವ ಮಣಿಪುರದ ಹುಡುಗರ ಮಾತು ಬಂತು. ಗಲಾಟೆ ಮಾಡಿದವರಲ್ಲ, ಬಾಡಿಗೆ ಬಾಕಿ ಇಟ್ಟವರೂ ಅಲ್ಲ. "ಆ ಚಿಂಕಿಗಳಿಗೆ ಮನೆ ಕೊಟ್ಟಿದ್ದು ಯಾರು?" ಅಂದರು ಒಬ್ಬರು. ಎರಡು ಮೂರು ಜನ ನಕ್ಕರು. ನನ್ನ ಬಿಸ್ಕತ್ತು ಮುರಿದು ಟೀ ಲೋಟದ ತಳ ಸೇರಿತ್ತು. ಅದನ್ನೇ ಚಮಚದಲ್ಲಿ ಹುಡುಕುತ್ತಾ ಕೂತೆ. ಒಬ್ಬ ಹೆಂಗಸು ಮಾತ್ರ "ಹಾಗೆಲ್ಲ ಅನ್ನಬಾರದು" ಅಂದರು. ಅಧ್ಯಕ್ಷರು "ಇವತ್ತು ಬೇಡ ಮೇಡಂ, ಮುಂದಿನ ಸಲ ನೋಡೋಣ" ಅಂತ ನೀರಿನ ಟ್ಯಾಂಕರ್ ವಿಷಯಕ್ಕೆ ಹೋದರು.

ಇವತ್ತು, ಅಮೆರಿಕದಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿನ ಬರ್ಮಿಂಗ್‌ಹ್ಯಾಮ್ ಊರಿನ ಜೈಲಿನಿಂದ ಬರೆದ ಪತ್ರ ತೆಗೆದೆ. ಅದರ ಮೇಲಿನ ತಾರೀಕು 1963ರ ಏಪ್ರಿಲ್ 16. ಅದು ಕಪ್ಪು ಜನರ ಮೇಲೆ ಕೈ ಮಾಡುವವರಿಗೆ ಬರೆದದ್ದಲ್ಲ. ಎಂಟು ಬಿಳಿಯ ಧರ್ಮಗುರುಗಳಿಗೆ, ಅಂದರೆ ಊರಿನ ಮರ್ಯಾದಸ್ಥರಿಗೆ. ಮೆರವಣಿಗೆಗೆ ಇದು ಸಮಯವಲ್ಲ, ಕೋರ್ಟಿಗೆ ಹೋಗಿ ಅಂತ ಪೇಪರಿನಲ್ಲಿ ಹೇಳಿಕೆ ಕೊಟ್ಟಿದ್ದರು. ಕಿಂಗ್ ಅದೇ ಪೇಪರಿನ ಅಂಚಿನಲ್ಲಿ ಉತ್ತರ ಶುರು ಮಾಡಿದರು. ಬೈಗುಳ ಇಲ್ಲ. ಎಂಟರಲ್ಲಿ ಒಬ್ಬರು ಕಪ್ಪು ಜನರನ್ನು ತಮ್ಮ ಚರ್ಚಿನ ಪ್ರಾರ್ಥನೆಗೆ ಸೇರಿಸಿಕೊಂಡಿದ್ದರು. ಅವರನ್ನು ಹೆಸರು ಹಿಡಿದು ಮೆಚ್ಚುತ್ತಾರೆ. ಹಾಗೆ ಹತ್ತಿರ ಕೂರಿಸಿಕೊಂಡೇ ಕೇಳುತ್ತಾರೆ: ಇನ್ನೆಷ್ಟು ದಿನ ಕಾಯೋದು?

ಪತ್ರದ ನಡುವೆ ಒಂದು ವಾಕ್ಯವಿದೆ, ಮುನ್ನೂರಕ್ಕೂ ಜಾಸ್ತಿ ಪದಗಳದ್ದು. ಕನ್ನಡಕ್ಕೆ ತರೋಣ ಅಂತ ಕೂತೆ. ಟೀವಿ ಜಾಹೀರಾತಿನಲ್ಲಿ ಕಂಡ ಮೋಜಿನ ಪಾರ್ಕಿಗೆ ಯಾಕೆ ಹೋಗಬಾರದು ಅಂತ ಆರು ವರ್ಷದ ಮಗಳು ಕೇಳಿ, ಅವಳ ಕಣ್ಣಲ್ಲಿ ನೀರು ತುಂಬಿದಾಗ, ಯಾವ ಲಾಡ್ಜಿನಲ್ಲೂ ರೂಮು ಕೊಡದೆ ಕಾರಿನಲ್ಲೇ ರಾತ್ರಿ ಕಳೆದಾಗ, ವಯಸ್ಸು ಎಷ್ಟಾದರೂ 'ಬಾಯ್' ಅಂತಲೇ ಕರೆಸಿಕೊಂಡಾಗ... ಏಕವಚನದ ಪೆಟ್ಟು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಇಂಗ್ಲಿಷಿನವರಿಗೆ ಇಷ್ಟು 'ದಾಗ' ಸೇರಿಸೋದು ಕಸರತ್ತು. ನಮಗೆ ಅದು ದಿನದ ಮಾತು, ಕ್ರಿಯಾಪದ ಹೇಗೂ ಕೊನೆಗೇ ಬರೋದು. ಆದರೂ ಎಂಟನೇ 'ದಾಗ'ಕ್ಕೆ ನನಗೇ ಉಸಿರು ಕಟ್ಟಿತು. ಯಾವಾಗ ಮುಗಿಯುತ್ತಪ್ಪಾ ಅಂದುಕೊಂಡೆ. ಕಾಯಿರಿ ಅಂದವರನ್ನು ಕಿಂಗ್ ಒಂದೇ ವಾಕ್ಯದೊಳಗೆ ಕಾಯಿಸುತ್ತಿದ್ದಾರೆ ಅಂತ ಹೊಳೆದದ್ದು ಆಮೇಲೆ. ಕಾಯೋದು ನಮಗೇಕೆ ಕಷ್ಟ ಅಂತ ಈಗ ನಿಮಗೆ ಗೊತ್ತಾಗುತ್ತದೆ ಅನ್ನೋ ಮಾತು ಬರೋದೇ ಕೊನೆಯಲ್ಲಿ.

ಅದೇ ವರ್ಷ ಸೆಪ್ಟೆಂಬರ್ 15ರಂದು ಅದೇ ಊರಿನ ಕಪ್ಪು ಜನರ ಚರ್ಚಿಗೆ ಬಾಂಬಿಟ್ಟರು. ನಾಲ್ಕು ಹುಡುಗಿಯರು ಸತ್ತರು.

ರಾತ್ರಿ ಸಂಘಕ್ಕೆ ಒಂದು ಪತ್ರ ಬರೆದೆ. ಮೊದಲ ಸಲ ಬರೆದಾಗ ಆ ಮಾತಾಡಿದವರನ್ನು ಚೆನ್ನಾಗಿ ಝಾಡಿಸಿದ್ದೆ. ಓದಿ ಹರಿದು ಹಾಕಿದೆ. ಎರಡನೇದು ಹೀಗೆ ಶುರುವಾಗುತ್ತದೆ: "ಮಾನ್ಯರೇ, ಭಾನುವಾರ ಆ ಮಾತು ಬಂದಾಗ ನಾನೂ ಅಲ್ಲೇ ಇದ್ದೆ. ಟೀ ಕುಡಿಯುತ್ತಿದ್ದೆ."