ಕರಿಯನ ಬಾಯಿಂದ ಜಾರಿದ ಕಾಳು

ಮಾರ್ಚ್ 9, 2024, ಶನಿವಾರ

ಬೆಳಗ್ಗೆ ನಮ್ಮ ಬೆಕ್ಕು ಕರಿಯ ತಿನ್ನುವಾಗ ಪಕ್ಕದಲ್ಲೇ ಕೂತು ನೋಡಿದೆ. ಒಣ ಆಹಾರದ ಒಂದು ಕಾಳು ಬಾಯಿಗೆ ತೆಗೆದುಕೊಂಡ. ತಲೆಯನ್ನು ಬಲಕ್ಕೆ ವಾಲಿಸಿದ. ಕಾಳು ಜಾರಿ ನೆಲಕ್ಕೆ ಬಿತ್ತು. ಅದನ್ನು ಮೂಸಿ ನೋಡಿ ಎದ್ದು ಹೋದ. ಐದು ನಿಮಿಷಕ್ಕೆ ಮತ್ತೆ ಬಂದು ಬಟ್ಟಲ ಮುಂದೆ ಕೂತ. ಹಸಿವಿತ್ತು, ಪಾಪ.

ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರ್ ಅವನ ತುಟಿಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ತೋರಿಸಿದರು. ಮೇಲಿನ ದವಡೆ ಹಲ್ಲಿನ ಮೇಲೆ ಕಂದು ಬಣ್ಣದ ಗಟ್ಟಿ ಪದರ. ಅದರ ಅಂಚಿಗೆ, ಒಸಡಿನಲ್ಲಿ, ಪೆನ್ನಿನಲ್ಲಿ ಎಳೆದ ಹಾಗೆ ಒಂದು ಕೆಂಪು ಗೆರೆ. "ನೋವಿದ್ದರೂ ಬೆಕ್ಕು ತಿನ್ನೋದು ಬಿಡಲ್ಲ. ಅದಕ್ಕೇ ನಿಮಗೆ ಗೊತ್ತಾಗಿಲ್ಲ" ಅಂದರು.

ಆರು ವರ್ಷದಿಂದ ನಾನು ಜಾಸ್ತಿ ಒಣ ಆಹಾರವನ್ನೇ ಹಾಕುತ್ತಿದ್ದೆ. ಕರುಮ್ ಕುರುಮ್ ಅಂತ ಅಗಿದರೆ ಹಲ್ಲು ತಾನಾಗೇ ಉಜ್ಜಿ ಹೋಗುತ್ತೆ ಅಂತ ನಂಬಿದ್ದೆ. ಬೆಕ್ಕಿನ ಬಾಯಿ ಹಾಗೆ ಕೆಲಸ ಮಾಡುವುದಿಲ್ಲವಂತೆ. ಬೆಳೆದ ಬೆಕ್ಕಿಗೆ 30 ಹಲ್ಲು. ನಮ್ಮ ಹಾಗೆ ಅರೆಯುವ ಚಪ್ಪಟೆ ಹಲ್ಲು ಒಂದೂ ಇಲ್ಲ. ದವಡೆ ಆಡುವುದು ಮೇಲೆ ಕೆಳಗೆ ಮಾತ್ರ, ಕತ್ತರಿಯ ಹಾಗೆ. ಸಾಮಾನ್ಯ ಕಾಳು ಹಲ್ಲಿನ ತುದಿ ತಾಗಿದ ಕೂಡಲೇ ಪುಡಿಯಾಗುತ್ತದೆ, ಇಲ್ಲವೇ ಇಡಿಯಾಗಿ ಹೊಟ್ಟೆಗೆ ಹೋಗುತ್ತದೆ. ಒಸಡಿನ ಅಂಚನ್ನು ಮುಟ್ಟುವುದೇ ಇಲ್ಲ. ಕೊಳೆ ಕೂರುವುದು ಅಲ್ಲೇ ಅಲ್ವಾ? ಕರಿಯ ಅವಸರದಲ್ಲಿ ತಿಂದು ವಾಂತಿ ಮಾಡಿದಾಗಲೆಲ್ಲ ಕಾಳುಗಳು ಇಡಿ ಇಡಿಯಾಗೇ ಬಿದ್ದಿರುತ್ತಿದ್ದವು. ಅದನ್ನು ಒರೆಸಿದ್ದು ನಾನೇ.

ಬೆಕ್ಕಿಗೆ ಸಿಹಿಯ ರುಚಿ ತಿಳಿಯುವುದಿಲ್ಲ, ನಮ್ಮ ಹಾಗೆ ಹುಳುಕು ಹಲ್ಲಾಗುವುದೂ ತುಂಬಾ ಅಪರೂಪ. ಅದರ ಕಷ್ಟ ಹೆಚ್ಚಾಗಿ ಒಸಡಿನದು. ಹಲ್ಲು ಎಷ್ಟೇ ಶುಚಿಯಾಗಿರಲಿ, ಕೆಲವೇ ಗಂಟೆಗಳಲ್ಲಿ ಅದರ ಮೇಲೆ ಬ್ಯಾಕ್ಟೀರಿಯಾದ ಅಂಟು ಪದರ ಕಟ್ಟುತ್ತದೆ. ಹಾಗೇ ಬಿಟ್ಟರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಕೆಲವು ದಿನಗಳಲ್ಲಿ ಕಲ್ಲಾಗುತ್ತದೆ. ಆಮೇಲೆ ಬ್ರಷ್‌ಗೆ ಬಗ್ಗುವುದಿಲ್ಲ.

ಹಲ್ಲಿಗೆಂದೇ ಮಾಡಿದ ಒಣ ಆಹಾರ ಬೇರೆ ಇದೆ. ಅದರ ಕಾಳು ದೊಡ್ಡದು, ಒಳಗೆ ನಾರು ಹೆಣೆದಿರುತ್ತದೆ. ಹಲ್ಲು ಆಳಕ್ಕೆ ಇಳಿದ ಮೇಲಷ್ಟೇ ಒಡೆಯುವುದರಿಂದ ಹಲ್ಲಿನ ಬದಿಯನ್ನು ಒರೆಸಿಕೊಂಡು ಹೋಗುತ್ತದೆ. ಕೆಲವಕ್ಕೆ ಜೊಲ್ಲಿನ ಕ್ಯಾಲ್ಸಿಯಂ ಹಿಡಿದಿಡುವ ಲವಣ ಸೇರಿಸಿರುತ್ತಾರೆ. ಅಮೆರಿಕದ ವೆಟರ್ನರಿ ಓರಲ್ ಹೆಲ್ತ್ ಕೌನ್ಸಿಲ್ (ಪ್ರಾಣಿಗಳ ಬಾಯಿಯ ಆರೋಗ್ಯದ ಸಂಸ್ಥೆ) 1997ರಿಂದ ಇಂಥವುಗಳ ಪರೀಕ್ಷಾ ಫಲಿತಾಂಶ ನೋಡಿ ಮುದ್ರೆ ಕೊಡುತ್ತಿದೆ. ಪೊಟ್ಟಣದ ಮೇಲೆ ಆ ಮುದ್ರೆ ಇದೆಯಾ ಅಂತ ಇನ್ನು ಮೇಲೆ ನೋಡಿಯೇ ತರುತ್ತೇನೆ.

"ಹಾಗಾದ್ರೆ ರಾತ್ರಿ ಕೊಡೋ ವೆಟ್ ಫುಡ್, ಆ ಒದ್ದೆ ಆಹಾರ, ನಿಲ್ಲಿಸಲಾ?" ಅಂತ ಡಾಕ್ಟರನ್ನು ಕೇಳಿದೆ. ಬೇಡವೇ ಬೇಡ ಅಂದರು. ಅದರಲ್ಲಿ ಮುಕ್ಕಾಲು ಪಾಲು ನೀರೇ. ಬೆಕ್ಕು ನೀರು ಕುಡಿಯುವುದೇ ಕಡಿಮೆ, ಮೂತ್ರಕೋಶಕ್ಕೆ ಅದು ಬೇಕು. ಮೂಳೆ ಕಡಿಯಲು ಕೊಟ್ಟರೆ ಹಲ್ಲು ಸೀಳಬಹುದು. ಬರೀ ಮಾಂಸ ಹಾಕಿ ಸಾಕಿದರೂ ತೊಂದರೆಯೇ. ಕ್ಯಾಲ್ಸಿಯಂ ಸಾಲದೆ ದವಡೆಯ ಮೂಳೆ ಸವೆದು ಹಲ್ಲು ಅಲುಗಾಡುತ್ತವೆ.

ಸೋಮವಾರ ಅರಿವಳಿಕೆ ಕೊಟ್ಟು ಹಲ್ಲು ಶುಚಿ ಮಾಡುತ್ತಾರೆ. ಬೇರು ಹೇಗಿದೆ ಅಂತ ಎಕ್ಸ್‌-ರೇ ತೆಗೆದೇ ನೋಡಬೇಕು. ಆ ಹಲ್ಲು ಉಳಿಯುವುದು ಅನುಮಾನ. ಕಿತ್ತ ಮೇಲೆ ಚೆನ್ನಾಗೇ ತಿನ್ನುತ್ತಾನೆ ಅಂದಿದ್ದಾರೆ. ನನಗೆ ಅಷ್ಟು ಸಾಕು.

ಒಸಡು ವಾಸಿಯಾಗುವವರೆಗೆ ಕರಿಯನಿಗೆ ಬ್ರಷ್ ಮುಟ್ಟಿಸಬಾರದು. ಹಾಗಾಗಿ ಇವತ್ತು ನಮ್ಮ ಇನ್ನೊಂದು ಬೆಕ್ಕು, ಚಿಕ್ಕವಳು ಬೆಳ್ಳಿಯಿಂದ ಶುರು ಮಾಡಿದೆ. ಬೆಕ್ಕಿನ ಪೇಸ್ಟೇ ಆಗಬೇಕು, ನಮ್ಮದು ಬೇಡ. ಅವಕ್ಕೆ ಉಗುಳಲು ಬರುವುದಿಲ್ಲ, ಎಲ್ಲವನ್ನೂ ನುಂಗುತ್ತವೆ. ಬಾಯಿ ಅಗಲಿಸುವ ಅಗತ್ಯವೂ ಇಲ್ಲ, ತುಟಿ ಎತ್ತಿ ಹಲ್ಲಿನ ಹೊರಬದಿ ಉಜ್ಜಿದರೆ ಸಾಕು. ಇವತ್ತು ಬೆರಳ ತುದಿಗೆ ಚೂರು ಪೇಸ್ಟ್ ಹಚ್ಚಿ ಸುಮ್ನೆ ಮುಂದೆ ಹಿಡಿದೆ. ಒಮ್ಮೆ ಮೂಸಿದಳು, ಆಮೇಲೆ ಪೂರ್ತಿ ನೆಕ್ಕಿದಳು. ನಾಳೆ ತುಟಿ ಎತ್ತಿ ನೋಡುತ್ತೇನೆ.